ಮೀಟರ್‌ನಲ್ಲಿ 198, ಲ್ಯಾಬ್‌ನಲ್ಲಿ 47

ಇದು 2019ರ ಆಗಸ್ಟ್ ತಿಂಗಳ ಪ್ರಕರಣ. ಗೌರಿ ಹಬ್ಬಕ್ಕೆ ಇನ್ನೂ ಎರಡು ವಾರ ಇತ್ತು. ಆಗ ನಾನು ಬೆಂಗಳೂರು ದಕ್ಷಿಣದ ಒಂದು ಖಾಸಗಿ ಆಸ್ಪತ್ರೆಯ ಐಸಿಯುನಲ್ಲಿ ಡಾಕ್ಟರ್ ಆಗಿದ್ದೆ. ರೋಗಿಯ ಗುರುತು ಸಿಗಬಾರದು ಅಂತ ಒಂದೆರಡು ವಿವರ ಬದಲಿಸಿದ್ದೇನೆ. ತಪ್ಪನ್ನು ಮಾತ್ರ ಬದಲಿಸಿಲ್ಲ. ಅದು ನನ್ನದೇ.

ಭಾನುವಾರ ಬೆಳಿಗ್ಗೆ

ಹನುಮಂತನಗರದ ಕಡೆಯ 61 ವರ್ಷದ ಅಮ್ಮ. 14 ವರ್ಷದಿಂದ ಶುಗರ್. ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್ ಎರಡೂ ತೆಗೆದುಕೊಳ್ಳುತ್ತಿದ್ದರು. ಬುಧವಾರದಿಂದ ಉರಿಮೂತ್ರ, ಬಲ ಸೊಂಟದಲ್ಲಿ ನೋವು. ಮನೆ ಹತ್ತಿರದ ಮೆಡಿಕಲ್ ಶಾಪ್‌ನಲ್ಲಿ ಕೇಳಿ ಮೂರು ದಿನದ ಮಾತ್ರೆ ತಂದಿದ್ದರು. ಶನಿವಾರ ರಾತ್ರಿ ಹಲ್ಲು ಕಟಕಟ ಅನ್ನುವಷ್ಟು ಚಳಿ ಬಂತು. ಬೆಳಗಿನ ಜಾವ ಎದ್ದು ಕೂತು, "ಹಾಲು ಉಕ್ತಾ ಇದೆ ನೋಡೋ, ಒಲೆ ಆರಿಸು" ಅಂದರಂತೆ. ಒಲೆ ಹಚ್ಚೇ ಇರಲಿಲ್ಲ. ಮಗನಿಗೆ ಹೆದರಿಕೆ ಆದದ್ದು ಜ್ವರ ನೋಡಿ ಅಲ್ಲ, ಈ ಮಾತು ಕೇಳಿ.

ಅವನು ಹೆದರಿದ್ದೇ ಒಳ್ಳೆಯದಾಯಿತು. ಶುಗರ್ ಇರುವ, ವಯಸ್ಸಾದವರಿಗೆ ಜ್ವರದ ಜೊತೆ ಮಾತು ತಪ್ಪಿದರೆ ಅದನ್ನು "ಜ್ವರದ ಬಡಬಡಿಕೆ" ಅಂತ ಬಿಡುವ ಹಾಗಿಲ್ಲ. ಭಾನುವಾರವಾದ್ದರಿಂದ ರಸ್ತೆ ಖಾಲಿ ಇತ್ತು, 6.10ಕ್ಕೆ ಎಮರ್ಜೆನ್ಸಿಗೆ ತಲುಪಿದರು. ಇದೇ ಸೋಮವಾರ ಬೆಳಿಗ್ಗೆ ಒಂಬತ್ತು ಗಂಟೆ ಆಗಿದ್ದರೆ ಏನು ಕಥೆ ಅಂತ ಈಗಲೂ ಯೋಚಿಸುತ್ತೇನೆ.

ಬಿಪಿ 78/40. ನಾಡಿ 128. ಉಸಿರು ನಿಮಿಷಕ್ಕೆ 30. ಜ್ವರ 102.6. ಕೈಕಾಲು ತಣ್ಣಗೆ. ಮಂಡಿ ಮೇಲೆ ಚರ್ಮ ಬಲೆ ಬಲೆಯಾಗಿ ನೀಲಿ ಬಣ್ಣಕ್ಕೆ ತಿರುಗಿತ್ತು. ರಕ್ತದ ವರದಿ ಒಂದೊಂದಾಗಿ ಬಂತು: ಲ್ಯಾಕ್ಟೇಟ್ 5.8, ಕ್ರಿಯೇಟಿನಿನ್ 2.6, ಪ್ಲೇಟ್‌ಲೆಟ್ 92,000, ಬಿಳಿ ರಕ್ತಕಣ 21,000, ಶುಗರ್ 342. ಲ್ಯಾಕ್ಟೇಟ್ ಏರಿದರೆ ಅಂಗಗಳು ಒದ್ದಾಡುತ್ತಿವೆ ಅಂತ, ಕ್ರಿಯೇಟಿನಿನ್ ಏರಿದರೆ ಕಿಡ್ನಿ ಸೋಲುತ್ತಿದೆ ಅಂತ ಅರ್ಥ.

ಮನೆಯವರಿಗೆ "ರಕ್ತಕ್ಕೆ ನಂಜು ಏರಿದೆ" ಅಂತ ಹೇಳಿದೆ. ಸೆಪ್ಸಿಸ್‌ಗೆ ನಮ್ಮ ಜನ ಬಳಸುವ ಮಾತು ಅದು. ಪೂರ್ತಿ ಸರಿ ಅಲ್ಲ, ಆದರೆ ಅರ್ಥವಾಗುತ್ತದೆ. ನಿಜದಲ್ಲಿ ಸೆಪ್ಸಿಸ್ ಅಂದರೆ ಸೋಂಕಿನ ಜೊತೆ ಹೋರಾಡಲು ಹೊರಟ ದೇಹ ಹಿಡಿತ ತಪ್ಪಿ ತನ್ನದೇ ಅಂಗಗಳನ್ನು ಕೆಡಿಸಿಕೊಳ್ಳುವುದು. ರಕ್ತನಾಳಗಳು ಸಡಿಲವಾಗಿ ಬಿಪಿ ಬೀಳುತ್ತದೆ. ಸಾಕಷ್ಟು ಸಲೈನ್ ಕೊಟ್ಟ ಮೇಲೂ ಬಿಪಿ ನಿಲ್ಲಿಸಲು ಔಷಧಿ ಬೇಕಾಗಿ, ಲ್ಯಾಕ್ಟೇಟ್ 2ಕ್ಕಿಂತ ಮೇಲೇ ಉಳಿದರೆ ಅದು ಸೆಪ್ಟಿಕ್ ಶಾಕ್. 2017ರಲ್ಲಿ ಪ್ರಪಂಚದಲ್ಲಿ 4 ಕೋಟಿ 89 ಲಕ್ಷ ಜನರಿಗೆ ಸೆಪ್ಸಿಸ್ ಆಗಿ, 1 ಕೋಟಿ 10 ಲಕ್ಷ ಜನ ತೀರಿಕೊಂಡರು ಅಂತ ಒಂದು ದೊಡ್ಡ ಅಂದಾಜು ಇದೆ.

ಕಲ್ಚರ್‌ಗೆ (ರೋಗಾಣು ಬೆಳೆಸಿ ಗುರುತಿಸಲು) ರಕ್ತ, ಮೂತ್ರ ತೆಗೆದು, ಬಂದ ನಲವತ್ತು ನಿಮಿಷದೊಳಗೆ ಮೆರೊಪೆನೆಮ್ ಅನ್ನುವ ಆಂಟಿಬಯಾಟಿಕ್ ಹಾಕಿದೆವು. 60 ಕೆಜಿ ತೂಕ, ಕೆಜಿಗೆ 30 ಮಿಲಿ ಲೆಕ್ಕದಲ್ಲಿ 1,800 ಮಿಲಿ ರಿಂಗರ್ ಲ್ಯಾಕ್ಟೇಟ್ ಅನ್ನುವ ಡ್ರಿಪ್. ಬಿಪಿ ಏರಲಿಲ್ಲ. ಅದನ್ನು ಏರಿಸುವ ಔಷಧಿ ನಾರ್‌ಅಡ್ರಿನಲಿನ್ ಶುರು ಮಾಡಿದೆವು. ಐಸಿಯು ಭಾಷೆಯಲ್ಲಿ ಅದು ಬರೀ "ನಾರ್‌ಅಡ್".

ಎಂಟು ಗಂಟೆಗೆ ಸಿಟಿ ಸ್ಕ್ಯಾನ್. ಬಲ ಮೂತ್ರನಾಳದಲ್ಲಿ ಕಲ್ಲು ಕೂತಿತ್ತು. ಅದರ ಮೇಲೆ ಕಿಡ್ನಿ ಊದಿಕೊಂಡಿತ್ತು. ಅಂದರೆ ಕೀವು ಒಳಗೇ ಕಟ್ಟಿಕೊಂಡಿದೆ, ಹೊರಗೆ ಬರಲು ದಾರಿಯಿಲ್ಲ. ಇಂಥ ಕಡೆ ಎಷ್ಟೇ ದೊಡ್ಡ ಆಂಟಿಬಯಾಟಿಕ್ ಹಾಕಿದರೂ ಕಟ್ಟಿದ ಮೋರಿಗೆ ಮೇಲಿಂದ ಫಿನಾಯಿಲ್ ಸುರಿದ ಹಾಗೆ. ಯೂರಾಲಜಿಸ್ಟ್ ಭಾನುವಾರದ ತಿಂಡಿ ಬಿಟ್ಟು ಬಂದರು. 11.30ಕ್ಕೆ ಡಿಜೆ ಸ್ಟೆಂಟ್, ಅಂದರೆ ಮೂತ್ರನಾಳದೊಳಗೆ ಒಂದು ಸಣ್ಣ ಕೊಳವೆ, ಹಾಕಿದರು. ತಂತಿ ಕಲ್ಲು ದಾಟಿದ ಕೂಡಲೇ ಗಟ್ಟಿ ಮಜ್ಜಿಗೆ ಹಾಗಿದ್ದ ಕೀವು ಇಳಿಯಿತು. ಥಿಯೇಟರ್‌ನಲ್ಲಿದ್ದ ಎಲ್ಲರೂ ಒಮ್ಮೆ ಉಸಿರು ಬಿಟ್ಟರು.

ಆದರೂ ಮಧ್ಯಾಹ್ನ ಒಂದು ಗಂಟೆಗೆ ನಾರ್‌ಅಡ್ ನಿಮಿಷಕ್ಕೆ ಕೆಜಿಗೆ 0.34 ಮೈಕ್ರೋಗ್ರಾಂ ತನಕ ಹೋಯಿತು. ಅದು ಜಾಸ್ತಿನೇ. ಎರಡು ಗಂಟೆಗೆ ಹೈಡ್ರೊಕಾರ್ಟಿಸೋನ್ ಶುರು ಮಾಡಿದೆ: ಆರು ಗಂಟೆಗೊಮ್ಮೆ 50 ಮಿಗ್ರಾಂ, ದಿನಕ್ಕೆ 200. ಸ್ಟೀರಾಯ್ಡ್ ಅಂದರೆ ಮನೆಯವರು ಹೆದರುತ್ತಾರೆ, ಇಲ್ಲೂ ಹೆದರಿದರು. ಜಗ್ಗದ ಶಾಕ್‌ನಲ್ಲಿ ಇದಕ್ಕೆ ಜಾಗ ಇದೆ ಅಂತ ವಿವರಿಸಿದೆ, ಒಪ್ಪಿದರು.

ಕಂದು ಆಂಪ್ಯೂಲ್

ಸಂಜೆ ಐದು ಗಂಟೆಗೆ ಮಗ ಮೊಬೈಲ್ ಹಿಡಿದು ಬಂದ. ಐಟಿ ಹುಡುಗ, ಎರಡು ರಾತ್ರಿ ನಿದ್ದೆ ಇಲ್ಲದ ಕಣ್ಣು. "ಮೇಡಂ, ಅಮೆರಿಕದಲ್ಲಿ ಒಬ್ಬ ಡಾಕ್ಟರ್ ವಿಟಮಿನ್ ಸಿ, ಸ್ಟೀರಾಯ್ಡ್, ಥಯಮಿನ್ ಮೂರೂ ಸೇರಿಸಿ ಕೊಡ್ತಾರಂತೆ. 47 ಜನರಲ್ಲಿ ನಾಲ್ಕೇ ಜನ ಹೋಗಿರೋದು. ನೀವು ಒಂದು ಕೊಟ್ಟೇ ಇದೀರಿ. ಇನ್ನೆರಡು ಸೇರಿಸಿದ್ರೆ ಏನಾಗುತ್ತೆ? ವಿಟಮಿನ್ ತಾನೇ?"

ಅವನು ಸುಮ್ನೆ ವಾಟ್ಸಾಪ್ ನಂಬಿ ಬಂದಿರಲಿಲ್ಲ. ಓದಿಕೊಂಡೇ ಬಂದಿದ್ದ. ವರ್ಜೀನಿಯಾದ ನಾರ್ಫೋಕ್‌ನಲ್ಲಿದ್ದ ಪಾಲ್ ಮ್ಯಾರಿಕ್ 2017ರಲ್ಲಿ 'ಚೆಸ್ಟ್' ಪತ್ರಿಕೆಯಲ್ಲಿ ಬರೆದ ಲೇಖನ ಅದು. ಆರು ಗಂಟೆಗೊಮ್ಮೆ ಒಂದೂವರೆ ಗ್ರಾಂ ವಿಟಮಿನ್ ಸಿ, ಆರು ಗಂಟೆಗೊಮ್ಮೆ 50 ಮಿಗ್ರಾಂ ಹೈಡ್ರೊಕಾರ್ಟಿಸೋನ್, ಹನ್ನೆರಡು ಗಂಟೆಗೊಮ್ಮೆ 200 ಮಿಗ್ರಾಂ ಥಯಮಿನ್, ಅಂದರೆ ವಿಟಮಿನ್ ಬಿ1. ಇದನ್ನು ಪಡೆದ 47 ಜನರಲ್ಲಿ ಆಸ್ಪತ್ರೆಯಲ್ಲಿ ಸತ್ತವರು 4, ಅಂದರೆ ನೂರಕ್ಕೆ 8.5. ಅದಕ್ಕೆ ಹಿಂದಿನ ಏಳು ತಿಂಗಳಲ್ಲಿ ಅದೇ ಐಸಿಯುನಲ್ಲಿದ್ದ, ಇದನ್ನು ಪಡೆಯದ 47 ಜನರಲ್ಲಿ 19, ಅಂದರೆ 40.4.

ಇಂಥ ಅಂಕಿ ನೋಡಿದರೆ ಯಾರಿಗೆ ಆಸೆ ಆಗುವುದಿಲ್ಲ? ಅದರ ಹಿಂದಿನ ತರ್ಕವೂ ಚೆನ್ನಾಗಿತ್ತು. ಸೆಪ್ಸಿಸ್ ಆದವರ ರಕ್ತದಲ್ಲಿ ವಿಟಮಿನ್ ಸಿ ಕುಸಿದಿರುತ್ತದೆ, ಇದು ನಿಜ. ದೇಹ ತನ್ನದೇ ನಾರ್‌ಅಡ್ರಿನಲಿನ್ ಮಾಡಿಕೊಳ್ಳಲು ವಿಟಮಿನ್ ಸಿ ಬೇಕು, ಇದೂ ನಿಜ. ಹೆಚ್ಚು ಪ್ರಾಣಿಗಳು ಅದನ್ನು ತಾವೇ ತಯಾರಿಸಿಕೊಳ್ಳುತ್ತವೆ, ಮನುಷ್ಯರಿಗೆ ಆ ಶಕ್ತಿ ಇಲ್ಲ. ಜೀವಕೋಶ ಸಕ್ಕರೆಯನ್ನು ಪೂರ್ತಿ ಉರಿಸಲು ಥಯಮಿನ್ ಬೇಕು, ಇಲ್ಲದಿದ್ದರೆ ಲ್ಯಾಕ್ಟೇಟ್ ಏರುತ್ತದೆ. ವಿಟಮಿನ್ ಸಿ ದೇಹದಲ್ಲಿ ಒಡೆದು ಆಕ್ಸಲೇಟ್ ಆಗುತ್ತದೆ (ಬಹಳಷ್ಟು ಕಿಡ್ನಿ ಕಲ್ಲು ಆಗುವುದು ಇದರಿಂದಲೇ), ಅದನ್ನು ತಗ್ಗಿಸಲೂ ಥಯಮಿನ್ ನೆರವಾಗುತ್ತದೆ ಅನ್ನುವುದು ಲೆಕ್ಕಾಚಾರ. ಕಾಗದದ ಮೇಲೆ ಎಲ್ಲಾ ಕೂಡಿ ಬರುತ್ತಿತ್ತು.

ಆಗ ಬೆಂಗಳೂರಿನಲ್ಲಿ ಇದನ್ನು ಕೊಡುತ್ತಿದ್ದವಳು ನಾನೊಬ್ಬಳೇ ಅಲ್ಲ. ಕಾನ್ಫರೆನ್ಸ್‌ಗಳ ಕಾಫಿ ಬ್ರೇಕ್‌ನಲ್ಲಿ ಇದೇ ಮಾತು. "ಅಗ್ಗದ್ದು, ಅಪಾಯ ಇಲ್ಲ, ಕೊಟ್ಟು ನೋಡಿದರೆ ಹೋಗೋದೇನು?" ಅನ್ನುವುದು ಎಲ್ಲರ ಬಾಯಲ್ಲಿದ್ದ ವಾಕ್ಯ. ನಾನೂ ಅದನ್ನೇ ಮನಸ್ಸಿನಲ್ಲಿ ಹೇಳಿಕೊಂಡು ಒಪ್ಪಿದೆ. ಆ ಹುಡುಗನ ಮುಖ ನೋಡಿ ಒಪ್ಪಿದ್ದೂ ಉಂಟು. ಐಸಿಯು ಹೊರಗೆ ಕೂತವರಿಗೆ ಏನಾದರೂ ಮಾಡಬೇಕು ಅನ್ನಿಸುತ್ತದೆ. ನಮಗೂ ಅನ್ನಿಸುತ್ತದೆ.

ನಮ್ಮ ಫಾರ್ಮಸಿಯಲ್ಲಿ ಅಷ್ಟು ದಾಸ್ತಾನು ಇರಲಿಲ್ಲ. ಅವನೇ ಜಯನಗರಕ್ಕೆ ಹೋಗಿ ತಂದ. ಕಂದು ಗಾಜಿನ ಆಂಪ್ಯೂಲ್, ಒಂದೊಂದರಲ್ಲಿ 500 ಮಿಗ್ರಾಂ. ಬೆಳಕು ಬಿದ್ದರೆ ಹಾಳಾಗುತ್ತದೆ ಅಂತ ಕಂದು ಗಾಜು. ಒಂದು ಡೋಸ್‌ಗೆ ಮೂರು, ದಿನಕ್ಕೆ ಹನ್ನೆರಡು. ಸಿಸ್ಟರ್ ಒಂದೊಂದರ ಕತ್ತನ್ನೂ ಹತ್ತಿ ಇಟ್ಟು ಟಪ್ ಅಂತ ಮುರಿದು, 100 ಮಿಲಿ ಸಲೈನ್‌ಗೆ ಸೇರಿಸಿದರು. ಸಂಜೆ ಏಳಕ್ಕೆ ಮೊದಲ ಡೋಸ್.

ಜಿ6ಪಿಡಿ ಅನ್ನುವ ಕಿಣ್ವದ ಪರೀಕ್ಷೆ ಕಳಿಸಲಿಲ್ಲ. ಆ ಕಿಣ್ವದ ಕೊರತೆ ಇದ್ದವರಿಗೆ ದೊಡ್ಡ ಪ್ರಮಾಣದ ವಿಟಮಿನ್ ಸಿ ಕೊಟ್ಟರೆ ಕೆಂಪು ರಕ್ತಕಣ ಒಡೆಯುತ್ತದೆ. ಅಮ್ಮನಿಗೆ ಕೊರತೆ ಇರಲಿಲ್ಲ ಅಂತ ಆಮೇಲೆ ಗೊತ್ತಾಯಿತು. ಅದು ಅದೃಷ್ಟ, ಜಾಣತನ ಅಲ್ಲ.

ಸೋಮವಾರ ಬೆಳಿಗ್ಗೆ ರೌಂಡ್ಸ್‌ಗೆ ಬಂದ ಯೂರಾಲಜಿಸ್ಟ್ ಚಾರ್ಟ್ ನೋಡಿ ನಿಂತರು. "ಅಲ್ಲಾ ರೀ, ಕಲ್ಲಿರೋ ಪೇಷಂಟ್‌ಗೆ ದಿನಕ್ಕೆ ಆರು ಗ್ರಾಂ ಸಿ ಹಾಕ್ತಿದೀರಲ್ಲ? ಕ್ರಿಯೇಟಿನಿನ್ 3 ದಾಟಿದೆ. ಆಕ್ಸಲೇಟ್ ಎಲ್ಲಿಗೆ ಹೋಗುತ್ತೆ?"

ನಾನು "ನಾಲ್ಕೇ ದಿನ ಸರ್" ಅಂದೆ. ಅವರು ತಲೆ ಆಡಿಸಿ ಹೋದರು. ಅದು ಒಪ್ಪಿಗೆ ಅಲ್ಲ, ಬೇಸರ ಅಂತ ಗೊತ್ತಿತ್ತು. ಆದರೆ ಆ ಹೊತ್ತಿಗೆ ನಾರ್‌ಅಡ್ 0.14ಕ್ಕೆ ಇಳಿದಿತ್ತು, ಅಮ್ಮ ಮಗನ ಹೆಸರು ಸರಿಯಾಗಿ ಹೇಳಿದ್ದರು. ಗೆಲ್ಲುತ್ತಿರುವ ಆಟದಲ್ಲಿ ಬ್ಯಾಟ್ ಬದಲಿಸಲು ಯಾರಿಗೆ ಮನಸ್ಸು ಬರುತ್ತದೆ?

ರಾತ್ರಿ 2.40

ಹೈಡ್ರೊಕಾರ್ಟಿಸೋನ್ ಶುಗರ್ ಏರಿಸುತ್ತದೆ. ಹಾಗಾಗಿ ಇನ್ಸುಲಿನ್ ಡ್ರಿಪ್ ನಡೆಯುತ್ತಿತ್ತು. 50 ಮಿಲಿಯಲ್ಲಿ 50 ಯೂನಿಟ್, ಸಿರಿಂಜ್ ಪಂಪ್. ಗಂಟೆಗೊಮ್ಮೆ ಬೆರಳು ಚುಚ್ಚಿ ಗ್ಲೂಕೋಮೀಟರ್. 180ರ ಒಳಗೆ ಇಡಬೇಕು ಅನ್ನುವುದು ಗುರಿ. ಸೋಮವಾರ ರಾತ್ರಿ ಹನ್ನೊಂದರಿಂದ ಮೀಟರ್ ಇಳಿಯಲು ಒಪ್ಪಲೇ ಇಲ್ಲ. 204, 211, 207. ಚಾರ್ಟ್‌ನ ನಿಯಮದ ಪ್ರಕಾರ ಇನ್ಸುಲಿನ್ 2ರಿಂದ 4, 4ರಿಂದ 5 ಯೂನಿಟ್ ಆಯಿತು. ನಿಯಮದಲ್ಲಿ ತಪ್ಪಿರಲಿಲ್ಲ. ಆ ನಿಯಮ ನಂಬಿದ್ದು ಮೀಟರನ್ನು.

ಒಂದು ಗಂಟೆಗೆ ವಿಟಮಿನ್ ಸಿಯ ಆರನೇ ಡೋಸ್ ಹೋಯಿತು. 2.40ಕ್ಕೆ ಸಿಸ್ಟರ್ ಡ್ಯೂಟಿ ರೂಮಿನ ಬಾಗಿಲು ಬಡಿದರು. ಹಾಸನದ ಕಡೆಯ ಹುಡುಗಿ, ಕೆಲಸಕ್ಕೆ ಸೇರಿ ಎರಡು ವರ್ಷ ಆಗಿರಬಹುದು.

"ಮೇಡಂ, ಮೀಟರ್ 198 ಅಂತಿದೆ. ಆದ್ರೆ ಅಮ್ಮನ ಹಣೆ ನೋಡಿ, ನೀರು ಸುರೀತಿದೆ. ಕರೆದ್ರೆ ಕಣ್ಣು ಬಿಡ್ತಿಲ್ಲ. ನಂಗ್ಯಾಕೋ ಸರಿ ಅನ್ನಿಸ್ತಿಲ್ಲ."

ಹೋಗಿ ಮುಟ್ಟಿದೆ. ಬೆವರು ತಣ್ಣಗಿತ್ತು. ಬಿಪಿ ಸರಿ ಇತ್ತು, ಜ್ವರ ಇರಲಿಲ್ಲ. ಇನ್ನೊಂದು ಕೈಯ ಬೆರಳು ಚುಚ್ಚಿದೆವು, 194. ಮತ್ತೆ ಸೆಪ್ಸಿಸ್ ಕೆದರಿತಾ, ಮೆದುಳಿಗೆ ಏನಾದರೂ ಆಯಿತಾ ಅಂತ ನನ್ನ ತಲೆ ಎಲ್ಲೆಲ್ಲೋ ಓಡಿತು. ಸಿಸ್ಟರ್ ಅಷ್ಟರಲ್ಲಿ ಬೂದು ಮುಚ್ಚಳದ ಟ್ಯೂಬ್‌ಗೆ ರಕ್ತ ತುಂಬಿಸಿ ಆಯಾ ಕೈಲಿ ಲ್ಯಾಬಿಗೆ ಓಡಿಸಿಯಾಗಿತ್ತು. ನಾನು ಹೇಳಿರಲಿಲ್ಲ. "ಬೆವರು ನೋಡಿದ್ರೆ ನಮ್ಮಜ್ಜಿಗೆ ಶುಗರ್ ಬಿದ್ದಾಗ ಹಿಂಗೇ ಆಗ್ತಿತ್ತು" ಅಂದರು, ಕ್ಷಮೆ ಕೇಳುವ ದನಿಯಲ್ಲಿ.

ಲ್ಯಾಬಿಂದ ಫೋನ್ ಬಂತು. 47.

ಇನ್ಸುಲಿನ್ ನಿಲ್ಲಿಸಿ, 25 ಪರ್ಸೆಂಟ್ ಡೆಕ್ಸ್‌ಟ್ರೋಸ್ 100 ಮಿಲಿ ಹಾಕಿದೆವು. ಆರೇಳು ನಿಮಿಷಕ್ಕೆ ಅಮ್ಮ ಕಣ್ಣು ಬಿಟ್ಟು, "ಯಾಕ್ರಮ್ಮಾ ಎಲ್ಲಾ ಲೈಟೂ ಹಾಕಿದೀರಿ?" ಅಂದರು. ಆ ರಾತ್ರಿ ನಾನು ಕೇಳಿದ ಅತಿ ಒಳ್ಳೆಯ ಮಾತು ಅದೇ. ಇನ್ನೊಂದು ಗಂಟೆ ಯಾರೂ ಬಾಗಿಲು ಬಡಿಯದೇ ಇದ್ದಿದ್ದರೆ? ಮೀಟರ್ 198 ತೋರಿಸುತ್ತಲೇ ಇರುತ್ತಿತ್ತು, ಪಂಪ್ 5 ಯೂನಿಟ್ ಕೊಡುತ್ತಲೇ ಇರುತ್ತಿತ್ತು.

ಆದದ್ದು ಏನು ಅಂದರೆ, ಗ್ಲೂಕೋಮೀಟರ್ ಪಟ್ಟಿಯಲ್ಲಿ ಒಂದು ಕಿಣ್ವ ಇರುತ್ತದೆ. ಅದು ಸಕ್ಕರೆಯಿಂದ ಎಲೆಕ್ಟ್ರಾನ್ ಕಿತ್ತು ಒಂದು ತಂತಿಗೆ ಕೊಡುತ್ತದೆ. ತಂತಿಗೆ ಬಂದ ಕರೆಂಟ್ ಎಣಿಸಿ ಮೀಟರ್ ಅಂಕಿ ತೋರಿಸುತ್ತದೆ. ವಿಟಮಿನ್ ಸಿ ಕೂಡ ಎಲೆಕ್ಟ್ರಾನ್ ಬಿಟ್ಟುಕೊಡುವುದರಲ್ಲಿ ಧಾರಾಳಿ. ಆಂಟಿಆಕ್ಸಿಡೆಂಟ್ ಅಂತ ನಾವು ಹೊಗಳುವ ಗುಣ ಅದೇ. ಕರೆಂಟ್ ಎಲ್ಲಿಂದ ಬಂತು ಅಂತ ಮೀಟರಿಗೆ ಗೊತ್ತಾಗುವುದಿಲ್ಲ. ಎಲ್ಲವನ್ನೂ ಸಕ್ಕರೆ ಅಂತಲೇ ಎಣಿಸುತ್ತದೆ. ಕಿಡ್ನಿ ಚೆನ್ನಾಗಿದ್ದರೆ ಜಾಸ್ತಿ ಆದ ವಿಟಮಿನ್ ಬೇಗ ಮೂತ್ರದಲ್ಲಿ ಹೋಗುತ್ತದೆ, ಈ ಗೊಂದಲ ಸಣ್ಣದಾಗಿಯೇ ಉಳಿಯಬಹುದು. ಅಮ್ಮನ ಕಿಡ್ನಿ ಅರ್ಧ ನಿಂತಿತ್ತು. ಡೋಸ್ ಮೇಲೆ ಡೋಸ್ ರಕ್ತದಲ್ಲೇ ಉಳಿಯಿತು. ಲ್ಯಾಬಿನ ಯಂತ್ರದ ವಿಧಾನ ಬೇರೆ, ಹೆಕ್ಸೋಕೈನೇಸ್ ಅನ್ನುವ ಕಿಣ್ವದ್ದು. ಅದನ್ನು ವಿಟಮಿನ್ ಸಿ ಹೀಗೆ ಮೋಸ ಮಾಡುವುದಿಲ್ಲ.

ಇಡೀ ಹೊರೆಯನ್ನು ವಿಟಮಿನ್ ತಲೆಗೇ ಕಟ್ಟುವುದೂ ಸರಿಯಲ್ಲ. ಶುಗರ್ ಬೀಳಲು ಬೇರೆ ಕಾರಣವೂ ಇದ್ದವು. ಶನಿವಾರ ನುಂಗಿದ್ದ ಗ್ಲಿಮೆಪಿರೈಡ್ ಕೆಟ್ಟ ಕಿಡ್ನಿಯಲ್ಲಿ ತಡವಾಗಿ ಹೋಗುತ್ತದೆ. ಕಿಡ್ನಿ ಕೆಟ್ಟಾಗ ಇನ್ಸುಲಿನ್ನೂ ಜಾಸ್ತಿ ಹೊತ್ತು ಉಳಿಯುತ್ತದೆ. ಜೊತೆಗೆ ನಾರ್‌ಅಡ್ ಓಡುತ್ತಿರುವ, ಬೆರಳು ತಣ್ಣಗಿರುವ ರೋಗಿಯಲ್ಲಿ ಬೆರಳಿನ ರಕ್ತ ನಂಬಿದ್ದೇ ನಮ್ಮ ತಪ್ಪು. ಆರ್ಟರಿ ಲೈನ್ (ಅಪಧಮನಿಯೊಳಗೆ ಇಟ್ಟ ಸಣ್ಣ ಕೊಳವೆ) ಇತ್ತು, ಅದರಿಂದ ತೆಗೆದು ಲ್ಯಾಬಿಗೆ ಕಳಿಸಬಹುದಿತ್ತು. ಶುಗರ್ ಬಿದ್ದದ್ದು ಹಲವು ಕಾರಣಕ್ಕೆ. ಅದು ಬಿದ್ದದ್ದು ನಮಗೆ ಕಾಣದೇ ಹೋದದ್ದಕ್ಕೆ ಮುಖ್ಯ ಕಾರಣ ನಾನು ಬರೆದ ಕಂದು ಆಂಪ್ಯೂಲ್.

ವಿಟಮಿನ್ ಸಿ ಆಗಲೇ ನಿಲ್ಲಿಸಿದೆ. ಒಟ್ಟು 9 ಗ್ರಾಂ ಹೋಗಿತ್ತು. ಮುಂದಿನ ಎರಡು ದಿನ ಶುಗರ್ ಎಲ್ಲಾ ಲ್ಯಾಬಿಂದಲೇ.

ಬೆಳಿಗ್ಗೆ ಮಗನನ್ನು ಕೂರಿಸಿ ನಡೆದದ್ದೆಲ್ಲಾ ಹೇಳಿದೆ. ಹೇಳುವ ಮುಂಚೆ ಎರಡು ಸಲ ನೀರು ಕುಡಿದೆ. ಅವನು ಕೇಳಿಸಿಕೊಂಡ. ಆಮೇಲೆ, "ಈಗ ಕಾಫಿ ಕೇಳಿದ್ರು ಮೇಡಂ. ಸಕ್ಕರೆ ಹಾಕಿ ಕೊಡಬಹುದಾ?" ಅಂದ. ಕೋಪ ಮಾಡಿಕೊಂಡಿದ್ದರೆ ನನಗೆ ಸಲೀಸಾಗುತ್ತಿತ್ತು.

ಉಳಿಸಿದ್ದು ಯಾವುದು?

ಉಳಿದ ಕಥೆ ಚಿಕ್ಕದು. ರಕ್ತ, ಮೂತ್ರ ಎರಡರಲ್ಲೂ ಇ ಕೋಲೈ ಬೆಳೆಯಿತು. ಇಎಸ್‌ಬಿಎಲ್ ಜಾತಿಯದು, ಅಂದರೆ ಸಾಮಾನ್ಯ ಆಂಟಿಬಯಾಟಿಕ್‌ಗಳನ್ನು ಒಡೆದು ಹಾಕುವಂಥದ್ದು. ಮೆರೊಪೆನೆಮ್‌ಗೆ ಬಗ್ಗುತ್ತಿತ್ತು. ಬುಧವಾರ ಬೆಳಿಗ್ಗೆ ನಾರ್‌ಅಡ್ ನಿಂತಿತು, ಅದರ ಹಿಂದೆಯೇ ಸ್ಟೀರಾಯ್ಡ್ ನಿಲ್ಲಿಸಿದೆವು. ಕ್ರಿಯೇಟಿನಿನ್ 3.4 ತನಕ ಹೋಗಿ ಇಳಿಯಿತು, ಡಯಾಲಿಸಿಸ್ ಬೇಕಾಗಲಿಲ್ಲ. ಹನ್ನೊಂದನೇ ದಿನ ಮನೆಗೆ ಹೋದರು, ಗೌರಿ ಹಬ್ಬಕ್ಕೆ ಮುಂಚೆ.

ಹೋಗುವಾಗ ಮನೆಯವರೆಲ್ಲ ಒಂದೇ ಮಾತು ಹೇಳಿದರು: ವಿಟಮಿನ್ ಸಿ ಉಳಿಸಿತು. ಶುಗರ್ ಬಿದ್ದ ರಾತ್ರಿಯ ವಿಷಯ ಗೊತ್ತಿದ್ದ ಮಗನೂ ಅದನ್ನೇ ಹೇಳಿದ. ಇನ್ನೂ ನಾಚಿಕೆಯ ವಿಷಯ ಅಂದರೆ, ನಮ್ಮ ಐಸಿಯುನಲ್ಲೂ ಕೆಲವರು ಅದನ್ನೇ ಹೇಳಿದರು. ಒಳಗೊಳಗೆ ನನಗೂ "ಇರಬಹುದೇನೋ" ಅನ್ನಿಸಿತು.

ಹಲವು ತಿಂಗಳ ನಂತರ ಆ ಚಾರ್ಟ್ ತರಿಸಿ ಕೂತು ಗೆರೆ ಎಳೆದು ನೋಡಿದೆ. ಸ್ಟೆಂಟ್ 11.30ಕ್ಕೆ. ನಾರ್‌ಅಡ್ ಶಿಖರ ಮುಟ್ಟಿದ್ದು ಒಂದು ಗಂಟೆಗೆ. ಸ್ಟೀರಾಯ್ಡ್ ಎರಡಕ್ಕೆ. ನಾಲ್ಕು ಗಂಟೆಯಿಂದ ಡೋಸ್ ಇಳಿಯತೊಡಗಿದೆ. ಆರಕ್ಕೆ 0.30, ಲ್ಯಾಕ್ಟೇಟ್ 5.8ರಿಂದ 4.1. ಮೊದಲ ಕಂದು ಆಂಪ್ಯೂಲ್ ಮುರಿದದ್ದು ಏಳಕ್ಕೆ. ಅಂದರೆ ತೇರು ಆಗಲೇ ಹೊರಟಿತ್ತು. ವಿಟಮಿನ್ ಸಿ ಹಿಂದಿನಿಂದ ಓಡಿ ಬಂದು ಹಗ್ಗಕ್ಕೆ ಕೈ ಹಚ್ಚಿತು.

ಮ್ಯಾರಿಕ್ ಅವರ 47 ಜನರ ಅಧ್ಯಯನದ ತೊಂದರೆಯೂ ಇದೇ ಜಾತಿಯದು. ಚೀಟಿ ಎತ್ತಿ ಕೆಲವರಿಗೆ ಕೊಟ್ಟು, ಕೆಲವರಿಗೆ ಬಿಟ್ಟು ನೋಡಿದ್ದಲ್ಲ. ಮೊದಲಿನವರು ಒಂದು ಗುಂಪು, ಆಮೇಲಿನವರು ಇನ್ನೊಂದು ಗುಂಪು. ಹೊಸದೊಂದು ಶುರುವಾದಾಗ ಎಲ್ಲರ ಕಣ್ಣೂ ಚುರುಕಾಗುತ್ತದೆ, ಬೇರೆ ಆರೈಕೆಯೂ ಗೊತ್ತಿಲ್ಲದೇ ಉತ್ತಮವಾಗುತ್ತದೆ. ಮೂರು ಔಷಧಿ ಒಟ್ಟಿಗೆ ಹೋದರೆ ಯಾವುದು ಏನು ಮಾಡಿತು ಅಂತ ಹೇಳುವವರು ಯಾರು? ಅದರಲ್ಲೂ ಸ್ಟೀರಾಯ್ಡ್‌ಗೆ ತನ್ನದೇ ಕೆಲಸ ಇದೆ. 2018ರ ಅಡ್ರೀನಲ್ ಅನ್ನುವ ಹೆಸರಿನ ಪ್ರಯೋಗದಲ್ಲಿ 3,800 ಜನರಿದ್ದರು. ಬರೀ ಹೈಡ್ರೊಕಾರ್ಟಿಸೋನ್ ಕೊಟ್ಟಾಗ ಶಾಕ್ ನಾಲ್ಕರ ಬದಲು ಮೂರು ದಿನಕ್ಕೆ ಬಿಟ್ಟಿತು, ಸಾವು ಮಾತ್ರ ಹೆಚ್ಚುಕಮ್ಮಿ ಅಷ್ಟೇ ಇತ್ತು: ನೂರಕ್ಕೆ 27.9 ಮತ್ತು 28.8. ಅದೇ ವರ್ಷ ಫ್ರಾನ್ಸ್‌ನ ಪ್ರಯೋಗದಲ್ಲಿ ಹೈಡ್ರೊಕಾರ್ಟಿಸೋನ್ ಜೊತೆ ಫ್ಲೂಡ್ರೊಕಾರ್ಟಿಸೋನ್ ಅನ್ನುವ ಇನ್ನೊಂದು ಸ್ಟೀರಾಯ್ಡ್ ಕೊಟ್ಟಾಗ ಸಾವು 49.1ರಿಂದ 43ಕ್ಕೆ ಇಳಿದಿತ್ತು. ಸ್ಟೀರಾಯ್ಡ್ ಮಾಡಿದ ಕೆಲಸಕ್ಕೆ ವಿಟಮಿನ್ ಹಾರ ಹಾಕಿಸಿಕೊಂಡಿರಬಹುದು, ಅಲ್ವಾ?

ಅಮ್ಮ ಮನೆಗೆ ಹೋದ ಐದು ತಿಂಗಳಿಗೆ, 2020ರ ಜನವರಿಯಲ್ಲಿ, ನನಗೆ ಬೇಕಿದ್ದ ಉತ್ತರ ಜಾಮಾ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ವಿಟಮಿನ್ಸ್ ಅನ್ನುವ ಹೆಸರಿನ ಪ್ರಯೋಗ. ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಬ್ರೆಜಿಲ್‌ನ ಹತ್ತು ಐಸಿಯುಗಳು, 216 ರೋಗಿಗಳು. ಅದರ ಚಂದ ಇರುವುದು ಹೋಲಿಕೆಯಲ್ಲಿ. ಎರಡೂ ಗುಂಪಿಗೂ ಹೈಡ್ರೊಕಾರ್ಟಿಸೋನ್ ಕೊಟ್ಟರು. ಒಂದಕ್ಕೆ ಮಾತ್ರ ವಿಟಮಿನ್ ಸಿ, ಥಯಮಿನ್ ಸೇರಿಸಿದರು. ಬಿಪಿ ಔಷಧಿ ಇಲ್ಲದೇ ಬದುಕಿದ್ದ ಗಂಟೆಗಳು: ವಿಟಮಿನ್ ಗುಂಪಿನಲ್ಲಿ 122.1, ಬರೀ ಸ್ಟೀರಾಯ್ಡ್ ಗುಂಪಿನಲ್ಲಿ 124.6. ವ್ಯತ್ಯಾಸ ಇಲ್ಲ ಅಂತಲೇ ಅರ್ಥ.

ಅದಕ್ಕೆ ಸ್ವಲ್ಪ ಮುಂಚೆ, 2019ರ ಅಕ್ಟೋಬರ್‌ನಲ್ಲಿ, ಅಮೆರಿಕದ ಸಿಟ್ರಿಸ್ ಆಲಿ ಪ್ರಯೋಗ ಬಂದಿತ್ತು. ಸೆಪ್ಸಿಸ್ ಜೊತೆ ಶ್ವಾಸಕೋಶ ಕೆಟ್ಟ 167 ಜನ, ವಿಟಮಿನ್ ಸಿ ಒಂದೇ. ಮುಖ್ಯ ಗುರಿಗಳಲ್ಲಿ ಸೋತಿತು. ಆದರೆ 28 ದಿನದ ಸಾವು 46.3ರ ಬದಲು 29.8. ಅಭಿಮಾನಿಗಳು ಇದನ್ನೇ ಹಿಡಿದು ಕುಣಿದರು. ಒಟ್ಟು 46 ಉಪ ಗುರಿಗಳನ್ನು ಅಳೆದಿದ್ದರು, ಅದರಲ್ಲಿ 43ರಲ್ಲಿ ಏನೂ ವ್ಯತ್ಯಾಸ ಇರಲಿಲ್ಲ. ಅಷ್ಟು ಕಲ್ಲು ಎಸೆದರೆ ಒಂದೆರಡು ಮಾವಿನಕಾಯಿ ಹೇಗಿದ್ದರೂ ಬೀಳುತ್ತವೆ. 2020ರ ಆಗಸ್ಟ್‌ನಲ್ಲಿ ಆಕ್ಟ್ಸ್, 2021ರ ಫೆಬ್ರವರಿಯಲ್ಲಿ ವಿಕ್ಟಾಸ್ ಅನ್ನುವ ಪ್ರಯೋಗಗಳು ಬಂದವು, ಮೂರೂ ಔಷಧಿ ಸೇರಿಸಿ. ಎರಡರಲ್ಲೂ ಲಾಭ ಕಾಣಲಿಲ್ಲ. ವಿಕ್ಟಾಸ್‌ಗೆ 2,000 ಜನರನ್ನು ಸೇರಿಸುವ ಯೋಜನೆ ಇತ್ತು, ದುಡ್ಡು ನಿಂತು 501ಕ್ಕೇ ಮುಗಿಯಿತು. ಅದೊಂದು ಕೊರಗು.

2022ರ ಜೂನ್‌ನಲ್ಲಿ ಬಂದ ಲೋವಿಟ್ ಓದಿದಾಗ ಮಾತ್ರ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಂತೆ. ಕೆನಡಾ, ಫ್ರಾನ್ಸ್, ನ್ಯೂಜಿಲೆಂಡ್‌ನ 35 ಐಸಿಯುಗಳಿಂದ 872 ರೋಗಿಗಳು. ಬರೀ ವಿಟಮಿನ್ ಸಿ, ಆರು ಗಂಟೆಗೊಮ್ಮೆ ಕೆಜಿಗೆ 50 ಮಿಗ್ರಾಂ. 28ನೇ ದಿನಕ್ಕೆ ಸತ್ತವರು ಅಥವಾ ಅಂಗ ಇನ್ನೂ ಚೇತರಿಸದವರು: ವಿಟಮಿನ್ ಸಿ ಗುಂಪಿನಲ್ಲಿ 44.5, ಹುಸಿ ಔಷಧಿ ಗುಂಪಿನಲ್ಲಿ 38.5. ಲಾಭ ಇಲ್ಲ ಅನ್ನುವುದು ಒಂದು, ಕೆಡುಕೇ ಇರಬಹುದು ಅನ್ನುವುದು ಇನ್ನೊಂದು. "ಕೊಟ್ಟು ನೋಡಿದರೆ ಹೋಗೋದೇನು" ಅಂದವರಲ್ಲಿ ನಾನೂ ಒಬ್ಬಳು.

ಅಷ್ಟು ಹೊತ್ತಿಗೆ 2021ರ ಅಂತರರಾಷ್ಟ್ರೀಯ ಮಾರ್ಗಸೂಚಿಯೂ ಸೆಪ್ಸಿಸ್‌ಗೆ ಡ್ರಿಪ್‌ನಲ್ಲಿ ವಿಟಮಿನ್ ಸಿ ಬೇಡ ಅನ್ನುವ ಕಡೆ ವಾಲಿತ್ತು. ಹೈಡ್ರೊಕಾರ್ಟಿಸೋನ್ ಮಾತ್ರ ಉಳಿಯಿತು: ನಾರ್‌ಅಡ್ 0.25 ಅಥವಾ ಅದಕ್ಕೂ ಮೇಲೆ ಕನಿಷ್ಠ ನಾಲ್ಕು ಗಂಟೆ ಬೇಕಾದವರಿಗೆ, ದಿನಕ್ಕೆ 200 ಮಿಗ್ರಾಂ. ಥಯಮಿನ್ ವಿಷಯದಲ್ಲಿ ನನಗೆ ಅಷ್ಟು ಸಿಟ್ಟಿಲ್ಲ. 2016ರಲ್ಲಿ ಸೆಪ್ಟಿಕ್ ಶಾಕ್‌ನ 88 ಜನರಲ್ಲಿ ಅದನ್ನು ಒಂದೇ ಕೊಟ್ಟು ನೋಡಿದ್ದರು. ಒಟ್ಟಾರೆ ಲಾಭ ಇಲ್ಲ, ಮೊದಲೇ ಥಯಮಿನ್ ಕೊರತೆ ಇದ್ದವರಲ್ಲಿ ಮಾತ್ರ ಲ್ಯಾಕ್ಟೇಟ್ ಚೆನ್ನಾಗಿ ಇಳಿಯಿತು. ಕುಡಿತ ಇರುವವರಿಗೆ, ವಾರಗಟ್ಟಲೆ ಊಟ ಬಿಟ್ಟವರಿಗೆ ಈಗಲೂ ಕೈ ಬಿಚ್ಚಿ ಕೊಡುತ್ತೇನೆ. ಅದು ಕೊರತೆ ತುಂಬುವ ಕೆಲಸ, ಪವಾಡ ಅಲ್ಲ.

ಆ ರಾತ್ರಿಯ ನಂತರ ನಮ್ಮ ಐಸಿಯುನ ಗ್ಲೂಕೋಮೀಟರ್ ಡಬ್ಬದ ಮೇಲೆ ಆ ಸಿಸ್ಟರ್ ಒಂದು ಚೀಟಿ ಬರೆದು ಅಂಟಿಸಿದರು: "ವಿಟಮಿನ್ ಸಿ ಡ್ರಿಪ್ ಇದ್ದರೆ ಲ್ಯಾಬ್ ಶುಗರ್ ಮಾತ್ರ. ನಾರ್‌ಅಡ್ ಇದ್ದರೆ ಬೆರಳು ಚುಚ್ಚಬೇಡಿ." ಮೊದಲ ಸಾಲು ಈಗ ಯಾರಿಗೂ ಬೇಕಾಗಿಲ್ಲ. ಎರಡನೆಯದು ದಿನಾ ಬೇಕು.

ಡಿಸ್ಚಾರ್ಜ್ ಆಗಿ ಆರು ವಾರಕ್ಕೆ ಅಮ್ಮನ ಕಲ್ಲನ್ನು ಲೇಸರ್‌ನಲ್ಲಿ ಒಡೆದು ಸ್ಟೆಂಟ್ ತೆಗೆದಿದ್ದರು. ಚೂರುಗಳನ್ನು ಪರೀಕ್ಷೆಗೆ ಕಳಿಸಿದಾಗ ಬಂದ ಉತ್ತರ ಕ್ಯಾಲ್ಸಿಯಂ ಆಕ್ಸಲೇಟ್. ಯೂರಾಲಜಿಸ್ಟ್ ಆ ವರದಿಯ ಫೋಟೋವನ್ನು ನನಗೆ ಕಳಿಸಿದರು, ಒಂದು ಅಕ್ಷರವನ್ನೂ ಬರೆಯದೆ.

2022ರ ದಸರಾ ಆದ ಮೇಲೆ ಅಮ್ಮ ಮಂಡಿನೋವಿಗೆ ಅಂತ ಆಸ್ಪತ್ರೆಗೆ ಬಂದವರು ನನ್ನನ್ನು ಹುಡುಕಿಕೊಂಡು ಬಂದರು. ಮಾತ್ರೆ ಏನೇನು ತಗೋತೀರಿ ಅಂತ ಕೇಳಿದೆ. ಬಟ್ಟೆ ಚೀಲದಿಂದ ಒಂದೊಂದೇ ತೆಗೆದು ಮೇಜಿನ ಮೇಲಿಟ್ಟರು. ಶುಗರ್ ಮಾತ್ರೆ, ಬಿಪಿ ಮಾತ್ರೆ, ಆಮೇಲೆ ಕಿತ್ತಳೆ ಬಣ್ಣದ ಚೀಪುವ ಮಾತ್ರೆಯ ಪಟ್ಟಿ. ವಿಟಮಿನ್ ಸಿ, 500. "ಬೆಳಿಗ್ಗೆ ಒಂದು, ಸಂಜೆ ಒಂದು. ಮಗ ಮೂರು ವರ್ಷದಿಂದ ತಪ್ಪದೇ ಕೊಡ್ತಾನೆ ಡಾಕ್ಟ್ರಮ್ಮಾ. ನೀವು ಹಾಕಿದ್ದೇ ತಾನೇ ಅವತ್ತು?"

ಹೌದು ಅಂದೆ. ಕಲ್ಲಿನ ವರದಿ ತೆಗೆದು ತೋರಿಸಿ, ಆ ಪಟ್ಟಿಯನ್ನು ನನ್ನ ಮೇಜಿನ ಡ್ರಾಯರ್‌ಗೆ ಹಾಕಿಕೊಂಡೆ. ನೆಲ್ಲಿಕಾಯಿ ತಿನ್ನಬಹುದಾ ಅಂತ ಕೇಳಿದರು. ಒಂದೆರಡು ತಿನ್ನಿ, ನೀರು ಜಾಸ್ತಿ ಕುಡಿಯಿರಿ ಅಂದೆ. ಮಗನಿಗೆ ನೀವೇ ಫೋನ್ ಮಾಡಿ ಹೇಳಿ, ನಾನು ಹೇಳಿದರೆ ನಂಬಲ್ಲ ಅಂದರು. ಅಲ್ಲೇ ಫೋನ್ ಮಾಡಿದೆ.